ಖಾಲಿ ಬಾರದ ಬಾಟಲಿಗಳು

ಎಂಬತ್ತರ ದಶಕದಲ್ಲಿ ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಸಿಮೆಂಟಿನ ತೊಟ್ಟಿಯಿತ್ತು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಬಂದ ದಿನ ತೊಟ್ಟಿ ತುಂಬಿಸಿಟ್ಟರೆ ಮರುದಿನ ನನ್ನ ಸೊಂಟಕ್ಕೆ ಬಿಡುವು. ಆ ಬಿಡುವನ್ನು ಕಿತ್ತುಕೊಂಡದ್ದು ಗಪ್ಪಿ ಮೀನು.

ಸೊಳ್ಳೆ ಮರಿ ತಿನ್ನುತ್ತವಂತೆ ಎಂದು ನಮ್ಮ ಯಜಮಾನರು ಯಾರ ಮನೆಯಿಂದಲೋ ನಾಲ್ಕು ತಂದು ಬಿಟ್ಟರು. ತಿಂದವು, ನಿಜ. ತಿಂದು ಸಂಸಾರವನ್ನೂ ಬೆಳೆಸಿದವು. ಚೊಂಬು ಅದ್ದಿದರೆ ಚೊಂಬಿನ ತುಂಬ ಮರಿ. ಬಟ್ಟೆ ಒಗೆಯುವ ನೀರನ್ನೂ ಸೋಸಿ ಸೋಸಿ ಸಾಕಾಗಿ, ಕೊನೆಗೆ ತೊಟ್ಟಿಯನ್ನು ಅವಕ್ಕೇ ಬಿಟ್ಟುಕೊಟ್ಟೆ. ನೀರು ಬಾರದ ದಿನ ಕೊಡ ಹಿಡಿದು ಬೀದಿ ಕೊನೆಯ ಬೋರ್‌ವೆಲ್ಲಿಗೆ ಹೋಗುತ್ತಿದ್ದೆ. ಆಗ ನಾನು ಚೊಚ್ಚಲ ಬಸುರಿ.

"ಹೆಬ್ಬಾಳದ ಕೆರೆಗೆ ಬಿಟ್ಟು ಬರೋಣ ಅತ್ತೆ," ಅಂದೆ.

"ಅಲ್ಲಿ ಕೊಕ್ಕರೆ ತಿಂದ್ಹಾಕುತ್ತೆ ಕಣೆ. ಸಾಕಿದ ಜೀವ. ಆ ಪಾಪ ಯಾರಿಗ್ ಬೇಕು?"

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ.

ಗೌರಿ ಹಬ್ಬದಂದು ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆಲ್ಲ ತಾಂಬೂಲದ ಜೊತೆ, ತೊಳೆದ ಉಪ್ಪಿನಕಾಯಿ ಬಾಟಲಿಗಳಲ್ಲಿ ಮೀನು ಹಾಕಿಕೊಟ್ಟೆ. ಹಬ್ಬದ ದಿನ ಕೊಟ್ಟದ್ದನ್ನು ಯಾರು ಬೇಡವೆನ್ನುತ್ತಾರೆ? ತೊಟ್ಟಿ ಉಜ್ಜಿ ಹೊಸ ನೀರು ತುಂಬಿಸಿದೆ. ದೀಪಾವಳಿಯವರೆಗೆ ನೆಮ್ಮದಿಯಾಗಿದ್ದೆ.

ಕೊಟ್ಟ ಪಾತ್ರೆಯನ್ನು ನಮ್ಮಲ್ಲಿ ಯಾರೂ ಖಾಲಿ ಹಿಂತಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಾರೆ. ಇದು ನನ್ನ ತಲೆಗೇ ಹೋಗಿರಲಿಲ್ಲ. ಮೊದಲು ಎದುರುಮನೆಯಾಕೆ ಬಂದರು.

"ಖಾಲಿ ಬಾಟ್ಲಿ ಹೆಂಗ್ರೀ ಕೊಡೋದು? ನಿಮ್ ಮೀನಿನ ಮರಿಗಳೇ, ತಗೊಳ್ಳಿ."

"ಅಯ್ಯೋ, ಯಾಕ್ ತೊಂದ್ರೆ ತಗೊಂಡ್ರಿ," ಎಂದೆ, ಬಾಯಿಗೆ ಅಭ್ಯಾಸ. ಸಂಜೆಯೊಳಗೆ ಇನ್ನೂ ಮೂವರು ಬಂದು ಹೋದರು. ಬಾಗಿಲು ಹಾಕಿಕೊಂಡು ಅಳಬೇಕೆನಿಸಿತು.

ಅತ್ತೆಗೆ ಹಿಗ್ಗೋ ಹಿಗ್ಗು. ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. "ಇದು ತುಂಬಿದ ಬಸುರಿ ಕಣೆ, ಪಾಪ. ಕುಲುಕಬೇಡ, ಮೆಲ್ಲಗೆ ಬಿಡು."

ನಾನು ಕೈ ಚಾಚಲಿಲ್ಲ. "ನಾನೂ ಬಸುರೀನೇ ಅತ್ತೆ," ಎಂದೆ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ.

ಅತ್ತೆ ನನ್ನ ಹೊಟ್ಟೆ ನೋಡಿದರು, ಬಾಟಲಿ ನೋಡಿದರು. ಮೀನುಗಳನ್ನು ತಾವೇ ತೊಟ್ಟಿಗೆ ಬಿಟ್ಟರು. ಮರುದಿನ ನೀರಿರಲಿಲ್ಲ. ನಾನು ಏಳುವಷ್ಟರಲ್ಲಿ ಕೊಡ ಎತ್ತಿಕೊಂಡು ಬೋರ್‌ವೆಲ್ಲಿಗೆ ಹೋಗಿದ್ದರು. ಎರಡನೆಯ ಕೊಡ ಇಳಿಸಿ, ಸೊಂಟ ಹಿಡಿದು ಮೆಟ್ಟಿಲ ಮೇಲೆ ಕೂತು, ಪೇಪರು ಓದುತ್ತಿದ್ದ ಮಗನನ್ನು ಕರೆದರು.

"ಭಾನುವಾರ ಇವನ್ನೆಲ್ಲ ಹೆಬ್ಬಾಳದ ಕೆರೆಗೆ ಬಿಟ್ಟು ಬಾ. ಕೊಕ್ಕರೇನೂ ಬದುಕ್ಬೇಕಲ್ವೇನೋ."