ಸುಗುಣಾ ಮಿಸ್ ಅಳೆದ ಹೂಕುಂಡ

ಪುಸ್ತಕದಲ್ಲಿ ಅಚ್ಚಾದ ಲೆಕ್ಕವನ್ನೂ ನಂಬದವರು ನಮ್ಮ ಸುಗುಣಾ ಮಿಸ್. ಟ್ಯೂಷನ್ನಿನ ಹುಡುಗಿ ಯಾರಾದರೂ 'ಒಂದು ಕಾರು ನಿಶ್ಚಲ ಸ್ಥಿತಿಯಿಂದ ಹೊರಟು' ಎಂದು ಓದತೊಡಗಿದರೆ ಸಾಕು, ಕನ್ನಡಕ ಹಣೆಗೇರುತ್ತಿತ್ತು. "ನಿಂತಿತ್ತಾ? ನೋಡ್ದೋರು ಯಾರು?"

ಹಲಸೂರಿನ ಆ ಮೂರಂತಸ್ತಿನ ಕಟ್ಟಡದಲ್ಲಿ ನೆಲಮಹಡಿಯ ಮುಂದಿನ ಮನೆ ಅವರದು, ಹಿಂದಿನದು ನನ್ನದು. ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಮನೆಯೊಳಗೆ ತಮಿಳು, ಬಾಗಿಲಿಗೆ ಬಂದರೆ ಕನ್ನಡ, ತರಕಾರಿಯವನ ಜೊತೆ ದಖನಿ ಉರ್ದು. ಮೂರರಲ್ಲೂ ಅನುಮಾನ ಒಂದೇ. ನಾನು ಸೀಬೆಹಣ್ಣು ತಂದುಕೊಟ್ಟರೆ ಮೊದಲು ನನ್ನ ಕೈಯಲ್ಲೇ ಒಂದು ತಿನ್ನಿಸುವರು. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು ಎಂದು ತಡವಾಗಿ ಬಂದ ದಿನ, ಬಸ್ಸಿನಲ್ಲಿ ನಿಂತು ಬಂದವರ ಇಸ್ತ್ರಿ ಹೀಗಿರುವುದಿಲ್ಲ ಎಂದು ನನ್ನ ಅಂಗಿ ನೋಡಿ ತಲೆಯಾಡಿಸಿದ್ದರು. "ಶುರುವಿನ ವೇಗ ಯಾರೂ ನಿಜ ಹೇಳಲ್ಲ ಕಣಪ್ಪಾ," ಎನ್ನುವರು. "ಎಷ್ಟು ದೂರ ಹೋಯ್ತು, ಎಷ್ಟು ಹೊತ್ತು ಹಿಡೀತು, ಅದನ್ನ ಕೇಳಿ ನಾವೇ ತೆಗೀಬೇಕು."

ಒಂದು ಬೆಳಿಗ್ಗೆ ತಾರಸಿಯ ಮೋಟುಗೋಡೆಯ ಮೇಲಿದ್ದ ಹೂಕುಂಡ ಅಂಗಳಕ್ಕೆ ಬಿದ್ದು ಚೂರಾಯಿತು. ಓನರ್ ಮುನಿರಾಜಪ್ಪ ಅಲ್ಲೇ ಸ್ಕೂಟರ್ ಒರೆಸುತ್ತಿದ್ದರು. ತಲೆ ಉಳಿದದ್ದು ಪುಣ್ಯ. ಆಗ ತಾರಸಿಯಲ್ಲಿದ್ದದ್ದು ಮೇಲಿನ ಒಂಟಿ ಕೋಣೆಯ ಶರಣಮ್ಮ ಒಬ್ಬಳೇ. ಯಾದಗಿರಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುವವಳು. ಹಿಂದಿನ ದಿನವಷ್ಟೇ ನೀರಿನ ವಿಷಯಕ್ಕೆ ಓನರ್ ಆಕೆಯನ್ನು ಬೈದಿದ್ದರು. ಆ ಸಿಟ್ಟಿಗೆ ತಮ್ಮ ತಲೆಗೇ ಎಸೆದಿದ್ದಾಳೆ, ಸಂಜೆಯೊಳಗೆ ಕೋಣೆ ಖಾಲಿಯಾಗಬೇಕು ಎಂದರು. ಶರಣಮ್ಮನ ಮಗಳ ಪರೀಕ್ಷೆ ನಡೆಯುತ್ತಿದ್ದ ವಾರ ಅದು.

"ಯಪ್ಪಾ, ನಾ ಕೈ ಹಚ್ಚಿಲ್ರೀ. ತಾನ ಬಿತ್ತು," ಎಂದಳು ಶರಣಮ್ಮ.

ಮಿಸ್ ಇಬ್ಬರನ್ನೂ ನಂಬಲಿಲ್ಲ. ತಾರಸಿಯಿಂದ ದಾರ ಇಳಿಬಿಡಿಸಿ ಎತ್ತರ ಅಳೆದು, ಅಷ್ಟೆತ್ತರದಿಂದ ಬೀಳಲು ಹಿಡಿಯುವ ಸಮಯ ತೆಗೆದರು. ಕುಂಡ ಒಡೆದ ಜಾಗ ಗೋಡೆಯಿಂದ ಎಂಟು ಅಡಿ ಆಚೆಗಿತ್ತು. ಆ ದೂರವನ್ನು ಆ ಸಮಯದಿಂದ ಭಾಗಿಸಿದಾಗ ಕುಂಡ ಹೊರಟ ವೇಗ ಸಿಕ್ಕಿತು: ಬಿರುಸಾಗಿ ನಡೆಯುವವರಷ್ಟು. ತಾನಾಗಿ ಜಾರಿದ್ದರೆ ಗೋಡೆಯ ಬುಡದಲ್ಲೇ ಬೀಳಬೇಕಿತ್ತು.

"ಶುರುವಿನ ವೇಗ ಸೊನ್ನೆ ಅಲ್ಲ," ಎಂದರು. "ಸುಳ್ಳು ಹೇಳ್ತಿದಾಳೆ."

ಓನರ್ ಮುಖ ಅರಳಿತು. ಮಿಸ್ ಅತ್ತ ತಿರುಗಿ, "ನಗಬೇಡಿ ಮುನಿರಾಜಪ್ಪನೋರೆ. ಏನೋ ತಳ್ಳಿದೆ ಅಷ್ಟೆ. ಕೈ ಅಂತ ಅನ್ಲಿಲ್ಲ," ಎಂದು ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿದರು. ನಾವು ಹಿಂದೆ ಹೋದೆವು.

ನೀರಿನ ಟ್ಯಾಂಕಿನ ಸಂದಿಯಲ್ಲಿ ಒದ್ದೆ ಕೌದಿಯೊಂದನ್ನು ತುರುಕಿಡಲಾಗಿತ್ತು. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು, ನೆನೆದರೆ ಎರಡು ಕೊಡ ನೀರಿನಷ್ಟು ಭಾರ. ಗೋಡೆಯ ಹೊಸ ಬಣ್ಣಕ್ಕೆ ಕಲೆಯಾಗುತ್ತದೆ, ಮೋಟುಗೋಡೆಯ ಮೇಲೆ ಕೌದಿ ಒಣಹಾಕಬಾರದೆಂದು ಓನರ್ ಹಿಂದೆಯೇ ತಾಕೀತು ಮಾಡಿದ್ದರು. ಬೆಳಿಗ್ಗೆ ಅದನ್ನೇ ಬೀಸಿ ಮೋಟುಗೋಡೆಗೆ ಹಾಕಿದ್ದಾಗಿ ಶರಣಮ್ಮ ಒಪ್ಪಿಕೊಂಡಳು. ಕೌದಿ ಬಡಿದು ಕುಂಡ ಹಾರಿತ್ತು.

"ಹೇಳಿದ್ರ ಅದಕ್ಕೂ ಖಾಲಿ ಮಾಡ್ ಅಂತಿದ್ರಲ್ರೀ," ಎಂದಳು.

ಮಿಸ್ ಅದನ್ನೂ ನಂಬಲಿಲ್ಲ. ತಮ್ಮದೇ ಕರಿಬೇವಿನ ಕುಂಡವನ್ನು ನನ್ನಿಂದ ಹೊರಿಸಿ ಅದೇ ಜಾಗದಲ್ಲಿ ಇಡಿಸಿದರು. ಅಂಗಳ ಖಾಲಿ ಮಾಡಿಸಿ, ಬೆಳಿಗ್ಗೆ ಹಾಕಿದಂತೆಯೇ ಹಾಕು ಎಂದರು. ಶರಣಮ್ಮ ಕೌದಿಯನ್ನು ಮೆಲ್ಲಗೆ ಎತ್ತಿದಳು. ಮೆಲ್ಲಗೆ ಹಾಕಬೇಡ ಎಂದು ಗದರಿದರು. ಕೌದಿ ಬೀಸಿತು, ಕುಂಡ ಹೋಯಿತು. ಬಗ್ಗಿ ನೋಡಿದರೆ ಹಳೆಯ ಚೂರುಗಳ ಪಕ್ಕದಲ್ಲೇ ಕರಿಬೇವು ಬಿದ್ದಿತ್ತು.

ಓನರ್ ಬಣ್ಣದ ಬಗ್ಗೆ ಏನೋ ಗೊಣಗಿ ಇಳಿದುಹೋದರು. ಖಾಲಿ ಮಾಡುವ ಮಾತು ಮತ್ತೆ ಎತ್ತಲಿಲ್ಲ. ಶರಣಮ್ಮ ಕಾಲು ಮುಟ್ಟಲು ಬಗ್ಗಿದಾಗ ಮಿಸ್, ಕಾಲುಂಗುರಕ್ಕೇನಾದರೂ ಕೈ ಹಾಕುತ್ತಾಳೋ ಎಂಬಂತೆ ಪಾದ ಹಿಂದಕ್ಕೆಳೆದುಕೊಂಡರು.

ಮಂಡಿ ಪೂರಾ ಕೈಕೊಟ್ಟ ಮೇಲೆ ಕಗ್ಗದಾಸಪುರದ ತಂಗಿಯ ಮನೆ ಸೇರಿದರು. ಈಗ ಅವರಿಲ್ಲ. ಕೊನೆಯ ಸಲ ನೋಡಲು ಹೋದಾಗ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: ಎರಡನೇ ಕುಂಡ ಬೇರೆ ಕಡೆ ಬಿದ್ದಿದ್ದರೆ?

"ಎಸೆದಿದಾಳೆ ಅಂತಾನೇ ಹೇಳ್ತಿದ್ದೆ," ಎಂದರು, ಒಂಚೂರೂ ತಡವರಿಸದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಆಮೇಲೆ ಮುನಿರಾಜಪ್ಪನ್ನೂ ಕೂರಿಸ್ಕೊಂಡು, ಹಿಂದಿನ ದಿನ ಅವಳಿಗೆ ಏನಂತ ಬೈದ್ರಿ, ಒಂದೊಂದು ಮಾತೂ ಹೇಳಿ ಅಂತ ಕೇಳ್ತಿದ್ದೆ."