ಹರಿದದ್ದಕ್ಕೆ ಹಾಕಿದ ಕಟ್ಟು

ನಿನ್ನ ಮಂಡಿಯೊಳಗಿನ ನರ ಹರಿದಿತ್ತು, ಲಿನ್. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಕಟ್ಟು ಹಾಕಿದೆ. ಇಷ್ಟು ಬರೆಯುವುದಕ್ಕೆ ಆರು ವರ್ಷ ಬೇಕಾಯಿತು ನನಗೆ. ಥೂ, ನನ್ನ ಜನ್ಮಕ್ಕಿಷ್ಟು.

ಹಳೇಬೀಡಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಮೂಳೆ ಕಟ್ಟುವುದು ನಮ್ಮ ಮನೆತನದ ಕಸುಬು. ಅಜ್ಜ ಕಟ್ಟಿದ, ಅಪ್ಪ ಕಟ್ಟಿದ, ಈಗ ನಾನು. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಿದಿರಿನ ದಬ್ಬೆ, ಹಳೆಯ ಪಂಚೆಯ ಬಟ್ಟೆ — ನಮ್ಮ ಆಸ್ಪತ್ರೆ ಅಂದರೆ ಇಷ್ಟೇ. ಅಪ್ಪ ಒಂದು ಮಾತು ಹೇಳುತ್ತಿದ್ದ: ಮುರಿದದ್ದನ್ನ ಕಟ್ಟು, ಹರಿದದ್ದನ್ನ ಕಳಿಸು. ಮೂಳೆ ಕೂಡುತ್ತದೆ, ಮೂಳೆಗೆ ಮೂಳೆ ಬಿಗಿಯುವ ಒಳಗಿನ ಕಟ್ಟುನರ ಹರಿದರೆ ನಮ್ಮ ಕೈಯಲ್ಲಿ ಕೂಡುವುದಿಲ್ಲ, ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಹಾಗೆ ಕಳಿಸುವಾಗ ಅಪ್ಪನಿಗೆ ಯಾವತ್ತೂ ನಾಚಿಕೆಯಾದದ್ದು ನಾನು ಕಾಣೆ. ನಾಚಿಕೆ ನನ್ನದು.

ನಿನ್ನನ್ನು ಕರೆತಂದವನು ಅರಸೀಕೆರೆಯ ಬಸವರಾಜು, ಬೆಂಗಳೂರಿನಲ್ಲಿ ನಿಮ್ಮ ಫುಟ್‌ಬಾಲ್ ಟೀಮಿನ ವ್ಯಾನ್ ಓಡಿಸುತ್ತಿದ್ದವನು. ಲೀಗಿಗೆ ಒಂದು ತಿಂಗಳ ಬಿಡುವು ಇತ್ತು. ಮಂಡಿ ಊದಿದ್ದನ್ನು ನೀನು ಟೀಮಿಗೆ ಹೇಳಿರಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಸುದ್ದಿ ಹರಡುತ್ತದೆ, ಸುದ್ದಿ ಹರಡಿದರೆ — ಬಿಡುವು ಮುಗಿದ ಮೇಲಿನ ಮೊದಲ ಪಂದ್ಯ ನೋಡಲು ಚೀನಾದಿಂದ ನಿನ್ನ ಹುಟ್ಟೂರಿನ ಟೀಮಿನ ಕೋಚ್ ಬರುವವರಿದ್ದರು. ಎಂಟನೇ ವಯಸ್ಸಿಗೆ ಕ್ರೀಡಾ ಹಾಸ್ಟೆಲ್ ಸೇರಿದವನು ನೀನು. ಹದಿನೇಳಕ್ಕೇ ಹುಟ್ಟೂರಿನ ಅಂಗಿ ತೊಟ್ಟು ಆಡಿದವನು. ಆಮೇಲೆ ಆ ಟೀಮೇ ಮುಚ್ಚಿಹೋಗಿ ದೇಶ ಬಿಟ್ಟು ಬಂದೆ. ಈಗ ಅಲ್ಲಿ ಹೊಸ ಟೀಮು ಎದ್ದಿದೆ, ನಿನಗೆ ಮೂವತ್ತೊಂದಾಗಿದೆ, ಮನೆಗೆ ಮರಳಲು ಇದೊಂದೇ ದಾರಿ. ಇದನ್ನೆಲ್ಲ ಬಸವರಾಜು ಜಗಲಿಯ ಮೇಲೆ ಕೂತು ಹೇಳಿದ, ಊರಿನ ಅರ್ಧ ಜನ ಅಂಗಳದಲ್ಲಿ ನಿಂತು ಕೇಳಿದರು.

ನಿನ್ನ ಮಂಡಿ ಮಡಿಸಿ, ಮೀನಖಂಡ ಹಿಡಿದು ಮೆಲ್ಲಗೆ ಮುಂದಕ್ಕೆಳೆದೆ. ಮೇಜಿನ ಸಡಿಲ ಖಾನೆ ಬಂದ ಹಾಗೆ ಬಂತು. ಹರಿದಿದೆ. ಕಳಿಸಬೇಕು. ತಲೆಯೆತ್ತಿದೆ — ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ದೇಶದಾಚೆಯ ಆಟಗಾರ ನನ್ನ ಕೈ ಹುಡುಕಿಕೊಂಡು ಬಂದಿದ್ದಾನೆ, ಇವರೆದುರು ನನ್ನ ಕೈಲಾಗಲ್ಲ ಅನ್ನಲೇ...

"ಇಪ್ಪತ್ತೊಂದು ದಿನ. ಆಮೇಲೆ ಓಡ್ತಾನೆ ಅಂತ ಹೇಳು," ಅಂದೆ ಬಸವರಾಜುಗೆ.

ಇಪ್ಪತ್ತೊಂದು ದಿನ ನೀನು ನಮ್ಮ ಮನೆಯಲ್ಲೇ ಇದ್ದೆ. ಅವ್ವ ನಿನ್ನನ್ನು ಲಿಂಗಣ್ಣ ಎಂದಳು, ನೀನು ಓಗೊಟ್ಟೆ. ಮುದ್ದೆಯನ್ನು ಅಗಿಯುತ್ತಿದ್ದರೆ, ನುಂಗಪ್ಪಾ, ಹಲ್ಲಿಗೆ ಯಾಕೆ ಕೆಲಸ ಕೊಡ್ತೀಯ ಎಂದು ಗದರುತ್ತಿದ್ದಳು. ಒಂದು ದಿನ ನೀನು ಹುಣಸೆಬೀಜ ಹನ್ನೊಂದು ಜೋಡಿಸಿ, ಮಧ್ಯದ್ದನ್ನು ಮುಟ್ಟಿ ಎದೆ ತಟ್ಟಿಕೊಂಡೆ. ಇದು ನಾನು, ಹಿಂದಿನವರಿಂದ ಚೆಂಡು ತಗೊಂಡು ಮುಂದಿನವರಿಗೆ ಕೊಡುವವನು ಎಂದು ಕೈಸನ್ನೆಯಲ್ಲೇ ತಿಳಿಸಿದೆ. ಆ ಬೀಜವನ್ನು ಅವ್ವ ಸೆರಗಿಗೆ ಗಂಟು ಹಾಕಿಕೊಂಡಳು. ನಾನು ಇದನ್ನೆಲ್ಲ ನೋಡುತ್ತಲೇ ಇದ್ದೆ. ಹೇಳುವುದಕ್ಕೆ ಇಪ್ಪತ್ತೊಂದು ದಿನವಿತ್ತು.

ಹದಿನೆಂಟನೇ ದಿನ, ಪಾಪ ಮನೆಯಲ್ಲೇ ಕೂತು ಬೇಜಾರಾಗಿದ್ದಾನೆ ಎಂದು ಅವ್ವ ನಿನ್ನನ್ನು ಆಟೋದಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋದಳು. ಗುಡಿ ನೋಡಿದಿರಿ. ಆಮೇಲೆ ಕೆರೆ ಏರಿಯ ಮೇಲೆ ನೀನು ಕೋಲು ಬಿಟ್ಟು, ಅವಳ ಭುಜ ಹಿಡಿದು ನಾಲ್ಕು ಹೆಜ್ಜೆ ನಡೆದೆ. ಇಬ್ಬರೂ ಕಳ್ಳರ ಹಾಗೆ ನಗುತ್ತಾ ಮನೆಗೆ ಬಂದು ಒಪ್ಪಿಕೊಂಡಿರಿ.

ಕಟ್ಟು ಬಿಚ್ಚಿದಾಗ ಊತ ಇಳಿದಿತ್ತು. ನೋವೂ ಇರಲಿಲ್ಲ. ನೀನು ನೆಟ್ಟಗೆ ನಡೆದು ತೋರಿಸಿದೆ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಆಗಲೂ — ಆಗಲಾದರೂ ಹೇಳಬಹುದಿತ್ತು!

ಆ ಪಂದ್ಯವನ್ನು ನಾನೂ ಅವ್ವನೂ ಫೋನಿನಲ್ಲಿ ನೋಡಿದೆವು. ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನೀನು ಕಾಲಿಗೆ ಬಂದ ಚೆಂಡಿನೊಂದಿಗೆ ಎಡಕ್ಕೆ ತಿರುಗಿದೆ, ಬಿದ್ದೆ. ಯಾರೂ ಮುಟ್ಟಲಿಲ್ಲವಲ್ಲ ಎಂದಳು ಅವ್ವ. ನಾನು ಫೋನನ್ನು ಬೋರಲು ಹಾಕಿದೆ.

ನಾಲ್ಕು ದಿನದ ಮೇಲೆ ಆಸ್ಪತ್ರೆಯಿಂದ ಬಸವರಾಜು ಫೋನ್ ಮಾಡಿದ. ನೀನು ಪಕ್ಕದಲ್ಲಿದ್ದೆ, ಅಳುವುದು ಕೇಳಿಸುತ್ತಿತ್ತು. "ಅಣ್ಣ, ಇವ್ನು ಇನ್ನು ಆಡಂಗಿಲ್ವಂತೆ. ಕೆರೆ ಏರಿ ಮೇಲೆ ಮುಂಚೇನೇ ನಡೆದ್ನಲ್ಲ, ಅದ್ಕೇ ಹಿಂಗಾಯ್ತಾ ಅಂತ ಕೇಳ್ತಾವ್ನೆ."

ಅವ್ವ ಎದುರಿಗೇ ಕೂತಿದ್ದಳು.

"ಇರಬಹುದು," ಅಂದೆ.

ಕಟ್ಟು ಹಾಕಿದ್ದು ದುರಹಂಕಾರ. ಈ ಮಾತಿಗೆ ಏನೆಂದು ಹೆಸರಿಡಲಿ? ಅವ್ವ ಆಮೇಲೆ ಮೂರು ವರ್ಷ ಬದುಕಿದ್ದಳು. ಹಳೇಬೀಡಿನ ಕಡೆ ತಲೆ ಹಾಕಲಿಲ್ಲ. ಕಡೆಗಾಲದಲ್ಲಿ ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದೆ. "ಆ ಮಗೀನ್ ಕಾಲು ನಾನೇ ಕಳೆದೆ ಕಣ್ಲಾ," ಎಂದಳು. ನಾನು ಇನ್ನಷ್ಟು ಎಣ್ಣೆ ಸುರಿದುಕೊಂಡು ಇನ್ನೊಂದು ಪಾದ ಹಿಡಿದೆ. ಅದನ್ನು ನಂಬಿಕೊಂಡೇ ಹೋದಳು ನನ್ನವ್ವ, ಹುಣಸೆಬೀಜ ಅವಳ ಪೆಟ್ಟಿಗೆಯಲ್ಲಿ ಸಿಕ್ಕಿತು.

ನಮ್ಮ ಜಗಲಿಯ ಮೇಲೆ ನಾವಿಬ್ಬರೂ ಕೂತ ಫೋಟೋವನ್ನು ಮನೆ ಮುಂದೆ ಬೋರ್ಡಿಗೆ ಹಾಕಿಸಿದ್ದೆ. ನೀನು ಬಿದ್ದದ್ದು ಇಲ್ಲಿ ಯಾರಿಗೂ ತಿಳಿಯದು. ಆ ಬೋರ್ಡು ನೋಡಿಯೇ ಹೋದ ವಾರ ಬಿಕ್ಕೋಡಿನಿಂದ ಒಬ್ಬರು ಮಗಳನ್ನು ಕರೆತಂದರು. ಕಬಡ್ಡಿ ಆಡುವ ಹುಡುಗಿ, ಅದೇ ಮಂಡಿ. ಎಳೆದು ನೋಡಿದೆ, ಅದೇ ಖಾನೆ. ಇಪ್ಪತ್ತೊಂದು ದಿನ ಎನ್ನುವ ಮಾತು ಬಾಯಿಗೆ ಬಂದಿತ್ತು — ನಂಬು, ಬಂದಿತ್ತು. ಇದು ಹರಿದಿದೆ, ನನ್ನ ಕೈಲಾಗಲ್ಲ, ಇವತ್ತೇ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದೆ. ಆ ಹುಡುಗಿ ಬೋರ್ಡಿನ ಕಡೆ ನೋಡಿ ಕೇಳಿದಳು, "ಮತ್ತೆ ಅವ್ರು ಓಡಿದ್ರಲ್ವಾ?"

ಇಲ್ಲಮ್ಮ, ಓಡಲಿಲ್ಲ ಎಂದೆ. ಅವರು ಹೋದ ಮೇಲೆ ಬೋರ್ಡು ಕಿತ್ತು ಹಾಕಿದೆ. ಯಾರೋ ಕಂಡರಿಯದ ಹುಡುಗಿಗೆ ಹೇಳಿದ್ದನ್ನು ನಿನಗೆ ಹೇಳಿಲ್ಲವಲ್ಲ ಎಂದು ಅಂದಿನಿಂದ ಅನ್ನ ಸೇರುತ್ತಿಲ್ಲ.

ನಿಮ್ಮ ಹೊಸವರ್ಷಕ್ಕೆ ನೀನು ತಪ್ಪದೆ ಬಸವರಾಜುವಿನ ಫೋನಿಗೆ ನಾಲ್ಕು ಸಾಲು ಕಳಿಸುತ್ತೀಯ. ಅವ್ವ ಚೆನ್ನಾಗಿದ್ದಾರಾ ಎಂದು ಕೇಳುತ್ತೀಯ; ಅವಳು ಹೋದದ್ದನ್ನೂ ನಿನಗೆ ಹೇಳಿಸಿರಲಿಲ್ಲ ನಾನು. ನಿಮ್ಮೂರಿನ ಮಕ್ಕಳಿಗೆ ಆಟ ಕಲಿಸುತ್ತಿದ್ದೀಯಂತೆ. ನನ್ನ ಹಾಗೆ ಆತುರಪಟ್ಟು ಕಾಲು ಕಳೆದುಕೊಳ್ಳಬೇಡಿ ಎಂದು ಅವರಿಗೆ ಬುದ್ಧಿ ಹೇಳುತ್ತೀಯಂತೆ.

ಇದನ್ನು ಬಸವರಾಜು ಫೋನಿನಲ್ಲೇ ನಿನ್ನ ಭಾಷೆಗೆ ತಿರುಗಿಸಿ ಕಳಿಸುತ್ತಾನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಆ ಮಕ್ಕಳಿಗೆ ಇನ್ನು ಹಾಗೆ ಹೇಳಬೇಡ, ಅಷ್ಟೇ. ನೀನು ಆತುರಪಡಲಿಲ್ಲ, ಲಿನ್. ಅವ್ವ ನಿನ್ನನ್ನು ನಡೆಸಿದ್ದರಿಂದ ಏನೂ ಆಗಲಿಲ್ಲ. ಅವತ್ತು ನೀವಿಬ್ಬರೂ ಸುಮ್ಮನೆ ಕೆರೆ ನೋಡಿಕೊಂಡು ಬಂದಿರಿ.