ಇಥೆನಾಲ್ ಟ್ಯಾಂಕರಿಗೆ ಎದುರಾದ ದಿಬ್ಬಣ

ಹಾಲಿನ ಟ್ಯಾಂಕರ್ ಬಿಟ್ಟು ಇಥೆನಾಲ್ ಟ್ಯಾಂಕರಿನ ಸ್ಟೇರಿಂಗ್ ಹಿಡಿದ ಮೊದಲ ದಿನ. ಅಪಾಯದ ಸರಕು ಸಾಗಿಸುವ ತರಬೇತಿ ಮುಗಿದಾಗಿನಿಂದ ಇದಕ್ಕಾಗಿಯೇ ಕಾದಿದ್ದೆ. ಮೊದಲ ಟ್ರಿಪ್ಪಿಗೆ ಕಲಿಸಲೆಂದು ಪಕ್ಕದ ಸೀಟಿನಲ್ಲಿ ಕುಡಚಿಯ ಚಾಚಾ. ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಡ್ರೈವರ್.

ಕಾಗವಾಡದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ತುಂಬಿಸುವಾಗ ಮೇಲೇರಿ ಇಣುಕಿದೆ. ಒಳಗೆ ಅಡ್ಡಗೋಡೆ ಹಾಕಿ ನಾಲ್ಕು ಖಾನೆ ಮಾಡಿದ್ದರು. ಒಂದೊಂದಕ್ಕೂ ಬೇರೆ ಮುಚ್ಚಳ, ಬೇರೆ ಸೀಲು. ಕಿಡಿ ಹಾರದಿರಲೆಂದು ಟ್ಯಾಂಕಿನಿಂದ ನೆಲಕ್ಕೆ ಅರ್ತಿಂಗ್ ವಾಯರ್ ಕಟ್ಟಿದ್ದರು.

"ಹಾಲಿನ ಗಾಡಿ ಬ್ರೇಕ್ ಹಾಕಿದ್ರ ಹಾಲು ತುಳುಕಿ ಹಿಂದಿಂದ ದೂಡ್ತಿತ್ತಲ್ಲ? ಇದ್ರಾಗ ಅಡ್ಡಗೋಡಿ ಅದಾವು, ಹಂಗ ದೂಡೂದಿಲ್ಲ," ಎಂದರು ಚಾಚಾ. "ಆದ್ರ ಬೆಂಕಿ ಕಂಡ್ರ ಮಾತ್ರ ಯಾರ ಮಾತೂ ಕೇಳೂದಿಲ್ಲ."

ಹೊರಟೆವು. ಅಷ್ಟು ದೊಡ್ಡ ಗಾಡಿ ನನ್ನ ಕೈ ಮಾತು ಕೇಳುತ್ತಿದೆ ಎಂಬ ಹಿಗ್ಗಿಗೆ ಯಡೂರು ದಾಟಿದ್ದೇ ಗೊತ್ತಾಗಲಿಲ್ಲ. ಏಕಸಂಬಿ ಇನ್ನೂ ದೂರವಿರುವಾಗ ಎದುರಿನಿಂದ ಮದುವೆಯ ದಿಬ್ಬಣ ಬಂತು. ಬ್ಯಾಂಡು, ಕುದುರೆಯ ಮೇಲೆ ಮದುಮಗ, ನಡುರಸ್ತೆಯಲ್ಲಿ ಪಟಾಕಿಯ ಸರ!

"ನಿಲ್ಲಿಸ್ ನಿಲ್ಲಿಸ್! ನೀ ಓಡು, ನಾ ಗಾಡಿ ಕಾಯ್ತೀನಿ," ಎಂದರು ಚಾಚಾ.

ದೂರದಲ್ಲೇ ನಿಲ್ಲಿಸಿ ಎರಡೂ ಕೈ ಬೀಸುತ್ತ ಓಡಿದೆ. ಪಟಾಕಿ ಹಚ್ಚುತ್ತಿದ್ದವನು ಮದುಮಗನ ಸೋದರಮಾವ. ಅವನ ಕೈಯಲ್ಲಿ ಇನ್ನೊಂದು ಸರ ಸಿದ್ಧವಾಗಿತ್ತು.

"ಮಾವಾರ, ಹಚ್ಚಬ್ಯಾಡ್ರಿ! ಗಾಡಿ ತುಂಬ ಸ್ಪಿರಿಟ್ ಐತ್ರಿ!"

"ಮುಚ್ಚಳ ಹಾಕಿಲ್ಲೇನ್ರಿ?"

"ಸೀಲ್ ಸೈತ ಹಾಕೇವ್ರಿ. ಆದ್ರೂ ಕಿಡಿ ಹತ್ರ ಬರಬಾರ್ದು. ಅದಕ್ಕ ಉರಿ ಹತ್ತಿದ್ರ ಹಗಲಾಗ ಕಣ್ಣಿಗೂ ಕಾಣ್ಸೂದಿಲ್ರಿ."

ಅವನು ಮುಖ ಸಣ್ಣದು ಮಾಡಿದ. "ಇದೊಂದ ಸರ ಅಷ್ಟ..."

ಕುದುರೆಯ ಮೇಲಿಂದ ಮದುಮಗ ಕೂಗಿದ: "ಏ ಮಾಮಾ, ಥಾಂಬಾ, ತಡಿ! ಮೊದಲ ನನ್ನ ಲಗ್ನ ಆಗ್ಲಿ, ಆಮ್ಯಾಲ ಬೇಕಾದಷ್ಟು ಹಾರ್ಸು!"

ದಿಬ್ಬಣವೆಲ್ಲ ಗೊಳ್ಳೆಂದು ನಕ್ಕಿತು, ಮಾವನೂ ನಕ್ಕ. ಹೆಂಗಸರು ಕುಡಿಯುವ ನೀರಿನ ಕ್ಯಾನು ತಂದು, ಹೊಗೆಯಾಡುತ್ತಿದ್ದ ಪಟಾಕಿ ಚೂರುಗಳ ಮೇಲೆ ಸುರಿದರು. ಒಂದೊಂದು ಚೂರನ್ನೂ ಕಾಲಿನಿಂದ ಹೊರಳಿಸಿ ನೋಡಿದೆ. ಎಲ್ಲ ತೊಯ್ದಿತ್ತು. ಕುದುರೆ, ಬ್ಯಾಂಡು, ಮಂದಿ ಎಲ್ಲ ಕಬ್ಬಿನ ಹೊಲದ ದಾರಿಗೆ ಇಳಿದು ನಿಂತರು.

ಹಿಂದಿರುಗಿ ಓಡಿ ಹತ್ತಿ, ಮೆಲ್ಲಗೆ ಗಾಡಿ ಬಿಟ್ಟೆ. ಬ್ಯಾಂಡಿನವರು ನಮಗಾಗಿಯೇ ಎಂಬಂತೆ ಜೋರಾಗಿ ಬಾರಿಸಿದರು. ಮದುಮಗ ಬಾಸಿಂಗ ಸರಿಸಿ ಸೆಲ್ಯೂಟ್ ಹೊಡೆದ. ನಾನು ಸ್ಟೇರಿಂಗಿನಿಂದ ಕೈ ತೆಗೆಯದೆ ತಲೆಯಾಡಿಸಿದೆ.

ಸಂಜೆಗೆ ಮುಂಚೆ ತೈಲ ಕಂಪನಿಯ ಡಿಪೋ ಸೇರಿದೆವು. ಗೇಟಿನವರು ಸೀಲುಗಳನ್ನು ನೋಡಿ, ಎಲ್ಲ ಸರಿಯಿದೆ ಎಂದು ಒಳಗೆ ಬಿಟ್ಟರು. ಇಳಿಸುವ ಸರದಿಗೆ ನಿಂತಾಗ ಚಾಚಾ ನನ್ನ ಬೆನ್ನಿಗೆ ಗುದ್ದಿ, "ಮುಂದಿನ ಟ್ರಿಪ್ಪಿಗೆ ನಾ ಬರೂದಿಲ್ಲಪಾ. ನೀ ಒಬ್ಬನ ಹೋಗು," ಎಂದರು.